ತುರಿಕೆ ನಿಂತಿತು, ಹುಳುಕಡ್ಡಿ ಹೋಗಲಿಲ್ಲ

ತೊಡೆಸಂದಿಯ ಹುಳುಕಡ್ಡಿಗೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿ, ಎರಡೇ ದಿನಕ್ಕೆ ತುರಿಕೆ ನಿಂತಿತೆಂದು ಸಂತೋಷಪಡುವವರು ಬಹಳ ಮಂದಿ. ತಿಂಗಳು ಕಳೆಯುವಷ್ಟರಲ್ಲಿ ಅವರೇ ಹೊಟ್ಟೆ, ಬೆನ್ನಿಗೂ ಹಬ್ಬಿಸಿಕೊಂಡು ನನ್ನೆದುರು ಕೂತಿರುತ್ತಾರೆ. ಜೊತೆಗೆ ಹೆಂಡತಿ, ಮಕ್ಕಳೂ.

ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಶಿಲೀಂಧ್ರನಾಶಕದ ಜೊತೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್ ಬೆರೆತ ಮುಲಾಮು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ನಿಜ. ಚರ್ಮದ ರೋಗನಿರೋಧಕ ಶಕ್ತಿಯನ್ನೂ ಅಡಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಚರ್ಮ ತೆಳುವಾಗಿ ಸಂದಿಯಲ್ಲಿ ಗೆರೆಗಳು ಬಿದ್ದರೆ ಅವು ಪೂರ್ತಿ ಹೋಗುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಂದಿದೆ. ಅಂಗಡಿಯವರನ್ನು ಮಾತ್ರ ದೂರಿ ಫಲವಿಲ್ಲ. ನಮ್ಮ ವೈದ್ಯರಲ್ಲೂ ಕೆಲವರು ಇದನ್ನೇ ಬರೆದುಕೊಡುತ್ತಾರೆ.

ಒಂದೆರಡು ಸಣ್ಣ ಮಚ್ಚೆಗಳಿಗೆ ಬರಿಯ ಕ್ಲೋಟ್ರಿಮಜೋಲ್ ಸಾಕು. ಅಂಚಿನಿಂದ ಎರಡು ಸೆಂ.ಮೀ. ಆಚೆಯವರೆಗೂ ದಿನಕ್ಕೆರಡು ಬಾರಿ ಹಚ್ಚಿ. ಮಚ್ಚೆ ಮರೆಯಾದ ಮೇಲೂ ಎರಡು ವಾರ ನಿಲ್ಲಿಸಬೇಡಿ. ಮನೆಮಂದಿಯೆಲ್ಲ ಒಂದೇ ಟವೆಲಿನಲ್ಲಿ ಒರೆಸಿಕೊಳ್ಳುವುದು ಬೇಡ. ಹಬ್ಬಿದ್ದರೆ, ಅಥವಾ ಸ್ಟೀರಾಯ್ಡ್ ಮುಲಾಮನ್ನು ಆಗಲೇ ಹಚ್ಚಿದ್ದರೆ, ಆ ಟ್ಯೂಬನ್ನೂ ತೆಗೆದುಕೊಂಡೇ ವೈದ್ಯರ ಬಳಿ ಹೋಗಿ. ಸಂಕೋಚಪಟ್ಟು ಅದನ್ನು ಮನೆಯಲ್ಲೇ ಬಿಟ್ಟು ಬರುವವರೇ ಹೆಚ್ಚು.