ಕಾರಂತರನ್ನು ನೆನೆಯುವ ಬಗೆ
ಶಿವರಾಮ ಕಾರಂತರನ್ನು (1902–1997) ನೆನೆಯುವಾಗ ನಾವು ಕಾದಂಬರಿ, ಯಕ್ಷಗಾನ, ಜ್ಞಾನಪೀಠ ಎಂದು ಪಟ್ಟಿ ಓದುತ್ತೇವೆ. ತಂದೆ, ಮೇಷ್ಟ್ರು, ಕಾಡುಮೇಡು ಸುತ್ತಿದ ಅಲೆಮಾರಿ ಈ ಮೂವರೂ ಅವರಲ್ಲಿ ಒಬ್ಬರೇ ಆಗಿದ್ದರು ಎಂಬುದು ಆ ಪಟ್ಟಿಯಲ್ಲಿ ಕಳೆದುಹೋಗುತ್ತದೆ. ಅವರು ಹಾಜರಿ ಪುಸ್ತಕ ಹಿಡಿದು ಬದುಕಿದ ಮೇಷ್ಟ್ರಲ್ಲವಲ್ಲ ಎನ್ನಬಹುದು. ಆದರೆ 1936ರಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದವರನ್ನು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದವರನ್ನು ಬೇರೆ ಏನೆಂದು ಕರೆಯೋಣ? ಕಲಿಸುವುದೆಂದರೆ ಮಗುವನ್ನು ಲೋಕದೆದುರು ನಿಲ್ಲಿಸಿ ನೋಡಗೊಡುವುದು ಎಂಬ ನಂಬಿಕೆ ಆ ಸಂಪುಟಗಳ ಉದ್ದಕ್ಕೂ ಇದೆ. ಇಷ್ಟೆಲ್ಲ ಕೆಲಸ ಹೊತ್ತವರು ಮನೆಗೆ ಎಷ್ಟು ದಕ್ಕಿಯಾರು ಎಂಬ ಅನುಮಾನ ಸಹಜವೇ. ಅದಕ್ಕೆ ಉತ್ತರಿಸಬೇಕಾದವರು ಮಕ್ಕಳು. ಉಲ್ಲಾಸ, ಮಾಳವಿಕಾ, ಕ್ಷಮಾ ಮೂವರೂ ಸೇರಿ ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಎಂಜಿನಿಯರಿಂಗ್ ಓದಿದ ಉಲ್ಲಾಸರು ಹುಲಿಗಳ ವಿಜ್ಞಾನಿಯಾದದ್ದು ತಂದೆಯಿಂದಲೇ ಎಂದರೆ ಅದು ಮಗನ ಸ್ವಂತ ದುಡಿಮೆಗೆ ಮಾಡುವ ಅನ್ಯಾಯ. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳ ಗುರುತಿನಿಂದ ಒಂದೊಂದೇ ಹುಲಿಯನ್ನು ಎಣಿಸಿದ ಶಾಸ್ತ್ರ ಅವರದೇ. ಆದರೂ, ಕೇಳಿದ್ದನ್ನು ನಂಬದೆ ತಾನೇ ಹೋಗಿ ನೋಡಬೇಕೆಂಬ ಹಟ ಆ ಮನೆಯ ಗಾಳಿಯಲ್ಲೇ ಇತ್ತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತದ್ದೂ ಅದೇ ಹಟದಿಂದ. ಅವರು ಸೋತರು, ಆದರೆ ಕೈಗಾದ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು.