ಸಂಘಗಳ ವೆಬ್‌ಸೈಟ್: ಹಬ್ಬಕ್ಕೆ ಮುನ್ನವೇ ಮಾಹಿತಿ ಸಿಗಲಿ

ವಿಠ್ಠಲವಾಡಿ: ಕಲ್ಯಾಣ್ ಮತ್ತು ಉಲ್ಲಾಸನಗರದ ನಡುವಿನ ಈ ಪುಟ್ಟ ರೈಲು ನಿಲ್ದಾಣದ ಆಸುಪಾಸಿನಲ್ಲಿ ಹೊಸದಾಗಿ ಮನೆ ಮಾಡಿದ ಕನ್ನಡ ಕುಟುಂಬವೊಂದು ಇಂದು ಕನ್ನಡ ಸಂಘ ಎಲ್ಲಿದೆಯೆಂದು ನೆರೆಮನೆಯವರನ್ನು ಕೇಳುವ ಮೊದಲು ಮೊಬೈಲಿನಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಆ ಕುಟುಂಬದ ಪಾಲಿಗೆ ಸಂಘ ಇದ್ದೂ ಇಲ್ಲದಂತೆ. ಸದಸ್ಯರ ಸಂಖ್ಯೆ ಕುಗ್ಗುತ್ತಿದೆ, ಯುವಜನರು ಬರುತ್ತಿಲ್ಲ ಎಂದು ಪ್ರತಿ ಮಹಾಸಭೆಯಲ್ಲಿ ಕೊರಗುವವರು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಕಾರ್ಯಕ್ರಮ ಮುಗಿದ ಮೇಲೆ ಸನ್ಮಾನದ ಫೋಟೋಗಳನ್ನು ವೆಬ್‌ಸೈಟಿಗೆ ಹಾಕುವುದು ಸಾಮಾನ್ಯ ರೂಢಿ. ಆದರೆ ಜನ ಹುಡುಕುವುದು ಹಬ್ಬಕ್ಕೆ ಮುನ್ನ. ಯಾವಾಗ, ಎಷ್ಟು ಮಂದಿ ಹುಡುಕಬಹುದೆಂಬ ಅಂದಾಜು ಮಾಡಲು ದೊಡ್ಡ ವಿದ್ಯೆಯೇನೂ ಬೇಡ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯವು ಜನ ಯಾವ ಪದ ಟೈಪ್ ಮಾಡಿದರು, ವೆಬ್‌ಸೈಟ್ ಎಷ್ಟು ಬಾರಿ ಕಾಣಿಸಿತು, ಎಷ್ಟು ಕ್ಲಿಕ್ ಬಂತು ಎಂಬ 16 ತಿಂಗಳ ಲೆಕ್ಕ ಕೊಡುತ್ತದೆ. ಅದಕ್ಕೂ ಹಿಂದಿನದು ಸಿಗದ ಕಾರಣ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುವುದು ಒಳಿತು.

ಇಲ್ಲಿ ಪಂಚಾಂಗ ಮರೆಯಬಾರದು. 2025ರ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ. ಅಧಿಕ ಮಾಸದ ಕಾರಣ 2026ರ ಚತುರ್ಥಿ ಸೆಪ್ಟೆಂಬರ್ 14ಕ್ಕೆ. ಆಗಸ್ಟಿಗೆ ಆಗಸ್ಟನ್ನೇ ಹೋಲಿಸಿದರೆ ಜನ ಕಡಿಮೆಯಾದರೆಂಬ ತಪ್ಪು ತಿಳಿವಳಿಕೆ ಬರುತ್ತದೆ. ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳನ್ನು ಹಿಂದಿನ ಹಬ್ಬದ ನಾಲ್ಕು ವಾರಗಳೊಂದಿಗೆ ಹೋಲಿಸಬೇಕು. ಉದಾಹರಣೆಗೆ, ಆಗ 200 ಕ್ಲಿಕ್ ಬಂದಿದ್ದು, ಈಚಿನ ಮೂರು ತಿಂಗಳ ಲೆಕ್ಕ ಹಿಂದಿನ ವರ್ಷದ ಅದೇ ಮೂರು ತಿಂಗಳಿಗಿಂತ ಐದನೇ ಒಂದು ಪಾಲು ಹೆಚ್ಚಿದ್ದರೆ, ಈ ಬಾರಿ ಸುಮಾರು 240 ನಿರೀಕ್ಷಿಸಬಹುದು. 90 ಮಾತ್ರ ಬಂದರೆ ಎಲ್ಲೋ ದೋಷವಿದೆ ಎಂದರ್ಥ. ಈಗ ಗೂಗಲ್ ತಾನೇ ಉತ್ತರವನ್ನೂ ಬರೆದುಕೊಡುವುದರಿಂದ, ಕಾಣಿಸಿಕೊಂಡ ಲೆಕ್ಕ ಹಾಗೂ ಕ್ಲಿಕ್ಕಿನ ಲೆಕ್ಕ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಅಗತ್ಯ.

ದೋಷಗಳೂ ಸಣ್ಣವೇ. ಆಮಂತ್ರಣ ಪತ್ರಿಕೆಯನ್ನು ಬರೀ ಚಿತ್ರವಾಗಿ ಹಾಕಿದರೆ ಅದರೊಳಗಿನ ಅಕ್ಷರ ಹುಡುಕಾಟಕ್ಕೆ ಸರಿಯಾಗಿ ಸಿಗದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿರುವ ಪುಟಗಳ ಪಾಡೂ ಅಷ್ಟೇ. ರೈಲ್ವೆಯವರ ಇಂಗ್ಲಿಷ್ ಕಾಗುಣಿತದಲ್ಲಿ ವಿಠ್ಠಲವಾಡಿಗೆ ಒಂದೇ 'ಟಿ', ಹಲವರು ಬರೆಯುವುದು ಎರಡು. ಪುಣೆಯಲ್ಲೂ ಒಂದು ವಿಠ್ಠಲವಾಡಿ ಇದೆ. ಆದ್ದರಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಊರಿನ ಹೆಸರು, ಜೊತೆಗೆ ಕಲ್ಯಾಣ್ ಮತ್ತು ಠಾಣೆ ಜಿಲ್ಲೆ ಎಂಬ ಗುರುತು, ದಿನಾಂಕ, ಸ್ಥಳ, ದೂರವಾಣಿ ಸಂಖ್ಯೆ ಪುಟದಲ್ಲಿರಬೇಕು.

ಇನ್ನು, ಮೊದಲ ಸ್ಥಾನ ಗ್ಯಾರಂಟಿ ಎಂದು ಹಣ ಕೇಳುವವರಿಗೆ ಮರುಳಾಗಬಾರದು. ಅಂಥ ಭರವಸೆ ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ.

ಎಲ್ಲಕ್ಕಿಂತ ಮುಖ್ಯವಾದುದು, ತಿಳಿದವರು ತಿಳಿಯದವರಿಗೆ ಹೇಳಿಕೊಡುವುದು. ಸಂಘದ ವೆಬ್‌ಸೈಟ್ ಒಬ್ಬ ಹುಡುಗನ ಕೈಯಲ್ಲಿದ್ದು, ಅವನಿಗೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಸಿಕ್ಕಿದರೆ ಪಾಸ್‌ವರ್ಡೂ ಅವನೊಂದಿಗೆ ಹೊರಟುಹೋಗುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಸಂಘಗಳು ತಿಂಗಳಿಗೊಂದು ರವಿವಾರ ಒಂದೆಡೆ ಸೇರಿ ತಮ್ಮ ಲೆಕ್ಕಗಳನ್ನು ತೆರೆದಿಟ್ಟು ಕಲಿಯಬಹುದು. ಮಹಿಳಾ ವಿಭಾಗ, ಯುವ ವಿಭಾಗದವರ ಜೊತೆ ಹೋಟೆಲ್, ಕ್ಯಾಟರಿಂಗ್ ನಡೆಸುವ ಸದಸ್ಯರೂ ಬಂದರೆ ಅವರ ವ್ಯವಹಾರಕ್ಕೂ ಅನುಕೂಲ. ಒಂದು ಸಂಘದ ಲೆಕ್ಕ ಇನ್ನೊಂದಕ್ಕೆ ತಿಳಿದರೆ ನಷ್ಟವೇನಿಲ್ಲ. ಡೊಂಬಿವಲಿಯಲ್ಲಿ ಹುಡುಕಿದವರು ವಿಠ್ಠಲವಾಡಿಯಲ್ಲೇ ಮನೆ ಮಾಡಿರಬಹುದು.

ಹೊಸ ಕಾರ್ಯಕಾರಿ ಸಮಿತಿಗಳು ಮುಂದಿನ ಹಬ್ಬದ ಆಮಂತ್ರಣ ಅಚ್ಚಿಗೆ ಹೋಗುವ ಮೊದಲೇ ಈ ಕೆಲಸಕ್ಕೆ ಇಬ್ಬರನ್ನು ನೇಮಿಸಲಿ. ಒಬ್ಬರಲ್ಲ, ಇಬ್ಬರನ್ನು.