ಸದ್ದು, ಬೆಳಕು, ಗಂಧಗಳು ತಲೆನೋವಾದಾಗ

ಜಾತ್ರೆಯ ದಿನಗಳು ಸಮೀಪಿಸಿದಂತೆ ಕೆಲವು ಮನೆಗಳಲ್ಲಿ ಸಂಭ್ರಮದ ಜೊತೆಗೆ ಅಳುಕೂ ಮೂಡುತ್ತದೆ. ಆಟಿಸಂ, ಅಂದರೆ ಸ್ವಲೀನತೆ ಇರುವ ಮಗನನ್ನೋ ಮಗಳನ್ನೋ ಮಠಕ್ಕೆ ಕರೆತಂದರೆ ಏನಾದೀತು ಎಂಬುದೇ ಆ ಅಳುಕು. ಸಮಾಳ, ಕರಡಿ ಮಜಲು, ಪಟಾಕಿ, ಧ್ವನಿವರ್ಧಕ, ಕಣ್ಣು ಕುಕ್ಕುವ ದೀಪಗಳು, ಕರ್ಪೂರದ ಹೊಗೆ, ಮೈಗೆ ಮೈ ತಾಗುವ ಜನಸಂದಣಿ ಇವೆಲ್ಲ ಒಮ್ಮೆಗೇ ಎರಗಿದಾಗ ಆ ಮಗು ಕಿವಿ ಮುಚ್ಚಿಕೊಂಡು ಕಿರುಚುತ್ತದೆ, ಹಣೆ ಬಡಿದುಕೊಳ್ಳುತ್ತದೆ. ಸುತ್ತಲಿನವರು ‘ಹಠಮಾರಿ’ ಎನ್ನುತ್ತಾರೆ; ಕೆಲವರು ತಾಯಿತ ಕಟ್ಟಿಸಲು ಹೇಳುತ್ತಾರೆ. ಬಹಳಷ್ಟು ಸಲ ಅದು ಹಠವಲ್ಲ, ನೋವು. ಈ ಮಾತನ್ನು ಸದ್ಭಕ್ತರ ಗಮನಕ್ಕೆ ತರುವುದು ವೈದ್ಯನಾಗಿ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿ ಮೊದಲಿನಿಂದಲೂ ಇರುವ ಭಿನ್ನತೆ. ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಸ್ಪಂದಿಸುವುದನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗನಿದಾನ ಕೈಪಿಡಿಯಲ್ಲಿ ಆಟಿಸಂನ ಲಕ್ಷಣಗಳ ಸಾಲಿಗೆ ಸೇರಿಸಿತು. ನಮ್ಮ ಮಿದುಳು ಫ್ಯಾನಿನ ಸದ್ದನ್ನು ತಾನಾಗಿಯೇ ಹಿನ್ನೆಲೆಗೆ ಸರಿಸಿಬಿಡುತ್ತದೆ. ಇವರಲ್ಲಿ ಅನೇಕರಿಗೆ ಅದು ಸಾಧ್ಯವಾಗುವುದಿಲ್ಲ. ಎಲ್ಲ ಸದ್ದುಗಳೂ ಸಮನಾಗಿ ಒಳನುಗ್ಗುತ್ತವೆ. ಅದನ್ನು ತಡೆದುಕೊಳ್ಳುವ ಯತ್ನದಲ್ಲಿ ದವಡೆ, ಕತ್ತು, ಭುಜಗಳ ಸ್ನಾಯುಗಳು ಬಿಗಿಯುತ್ತವೆ, ನಿದ್ರೆ ಕೆಡುತ್ತದೆ, ತಲೆ ಸಿಡಿಯತೊಡಗುತ್ತದೆ. ಮೈಗ್ರೇನ್ ಪ್ರವೃತ್ತಿಯೂ ಇದ್ದರೆ ಸಂಕಟ ಇಮ್ಮಡಿಯಾಗುತ್ತದೆ. ಇದು ಮಕ್ಕಳಿಗಷ್ಟೇ ಸೀಮಿತವಲ್ಲ. ಮದುವೆಮನೆಯಲ್ಲಿ ದಿನವಿಡೀ ನಗುಮುಖದಿಂದ ಓಡಾಡಿ, ಮರುದಿನ ಕತ್ತಲ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗುವ ಹಿರಿಯರಲ್ಲಿಯೂ ಇಂಥವರಿದ್ದಾರೆ.

ಆಯುರ್ವೇದಕ್ಕೆ ಈ ವಿಚಾರದ ತಿರುಳು ಹೊಸದಲ್ಲ. ಇಂದ್ರಿಯಗಳಿಗೆ ಒಗ್ಗದ ವಿಷಯಗಳ ಸಂಪರ್ಕವನ್ನು, ಅಂದರೆ ‘ಅಸಾತ್ಮ್ಯೇಂದ್ರಿಯಾರ್ಥ ಸಂಯೋಗ’ವನ್ನು, ಚರಕ ಸಂಹಿತೆ ರೋಗದ ಮೂರು ಮೂಲ ಕಾರಣಗಳಲ್ಲಿ ಒಂದೆಂದು ಎಣಿಸಿದೆ. ಅತಿ ಪ್ರಕಾಶದ ವಸ್ತುಗಳನ್ನು ಬಹಳ ಹೊತ್ತು ನೋಡುವುದು, ಗುಡುಗು, ನಗಾರಿಗಳ ಭಾರೀ ಸದ್ದನ್ನು ಕೇಳುವುದು, ತೀಕ್ಷ್ಣ ಗಂಧಗಳನ್ನು ಮೂಸುವುದು ಇವೆಲ್ಲ ಅಲ್ಲಿ ‘ಅತಿಯೋಗ’ದ ಉದಾಹರಣೆಗಳು. ಒಬ್ಬರಿಗೆ ಸಾತ್ಮ್ಯವಾದದ್ದು ಇನ್ನೊಬ್ಬರಿಗೆ ಅಸಾತ್ಮ್ಯವಾಗಬಹುದೆಂಬುದು ನಮ್ಮ ಶಾಸ್ತ್ರದ ಮೂಲಪಾಠ. ಹೀಗಿರುವಾಗ ‘ನಮಗೆಲ್ಲ ಏನೂ ಆಗದ ಸದ್ದು ಇವನಿಗೇಕೆ ನೋವಾಗಬೇಕು?’ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಪರಿಹಾರದ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಎಂದರೆ ಕಾರಣವನ್ನು ದೂರವಿಡುವುದು. ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ, ಏನನ್ನು ಕೇಳಿದ ಅಥವಾ ಮೂಸಿದ ಮೇಲೆ ನೋವು ಬಂತೆಂದು ನಾಲ್ಕು ವಾರ ಬರೆದಿಡಿ. ಕಾರಣ ತಾನಾಗಿ ಹೊರಬೀಳುತ್ತದೆ. ಮಿನುಗುವ ಹಳೆಯ ಟ್ಯೂಬ್‌ಲೈಟನ್ನು ಬದಲಿಸಿ. ಗದ್ದಲದ ಹೊತ್ತಿನಲ್ಲಿ ಇಯರ್‌ಮಫ್, ಬಿಸಿಲಿನಲ್ಲಿ ಟೋಪಿ ಧರಿಸಲಿ. ನೋವು ಏರುವ ಮುನ್ನವೇ ಮಂದ ಬೆಳಕಿನ ಶಾಂತ ಕೋಣೆಗೆ ಕರೆದೊಯ್ಯಿರಿ; ಅಲ್ಲಿ ಪ್ರಶ್ನೆ, ಉಪದೇಶ ಬೇಡ. ತೂಗಾಡುವುದು, ಕೈ ಆಡಿಸುವುದು ಅವರು ತಮ್ಮನ್ನು ಸಮಾಧಾನಪಡಿಸಿಕೊಳ್ಳುವ ರೀತಿ; ಗದರಿಸಿ ತಡೆಯಬೇಡಿ. ಹಸಿವು, ಬಾಯಾರಿಕೆ, ಮೂತ್ರವೇಗಗಳು ಇವರಲ್ಲಿ ಕೆಲವರ ಅರಿವಿಗೆ ತಡವಾಗಿ ಬರುತ್ತವೆ. ಮೂತ್ರವನ್ನೂ ನಿದ್ರೆಯನ್ನೂ ತಡೆದರೆ ತಲೆನೋವು ಬರುವುದೆಂದು ಚರಕರು ಹೇಳಿದ್ದಾರೆ. ಆದುದರಿಂದ ನೀರು, ಊಟ, ಶೌಚ, ನಿದ್ರೆಗಳಿಗೆ ನಿಗದಿತ ಹೊತ್ತಿರಲಿ.

ನನ್ನ ವೈದ್ಯಪದ್ಧತಿಯ ಹೆಸರಿನಲ್ಲಿ ನಡೆಯುವ ಕೆಲವು ಸಂಗತಿಗಳ ಬಗ್ಗೆಯೂ ಎಚ್ಚರಿಸಬೇಕಾಗಿದೆ. ಆಟಿಸಂ ಅನ್ನು ‘ವಾಸಿಮಾಡುವ’ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಅಂಥ ಭರವಸೆ ನೀಡಿ ಪಾದರಸ, ಸೀಸಗಳಿರುವ ಭಸ್ಮಗಳನ್ನು ಮಕ್ಕಳಿಗೆ ತಿನ್ನಿಸುವವರನ್ನು ನಂಬಬೇಡಿ. ಘಾಟು ವಾಸನೆಯ ತೈಲವಾಗಲಿ ಮುಲಾಮಾಗಲಿ ಇವರ ನೋವನ್ನು ಹೆಚ್ಚಿಸಬಹುದು. ಶಿರೋಧಾರೆ, ಅಭ್ಯಂಗಗಳನ್ನು ಸ್ಪರ್ಶ ಸಹಿಸದವರ ಮೇಲೆ ಬಲವಂತವಾಗಿ ಮಾಡಬಾರದು. ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತ ಹೋದರೆ ಆ ಮಾತ್ರೆಗಳೇ ತಲೆನೋವಿಗೆ ಕಾರಣವಾಗುತ್ತವೆ. ಹಠಾತ್ತನೆ ಬಂದ ತೀವ್ರ ನೋವು, ಜ್ವರದೊಡನೆ ಕತ್ತು ಸೆಟೆಯುವಿಕೆ, ಬೆಳಗಿನ ವಾಂತಿ, ದೃಷ್ಟಿಮಾಂದ್ಯ, ಫಿಟ್ಸ್, ತಲೆಗೆ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾತು ಬಾರದ ಮಗು ಪದೇ ಪದೇ ತಲೆ ಹೊಡೆದುಕೊಂಡರೆ ಹಲ್ಲು, ಕಿವಿ, ಕಣ್ಣುಗಳನ್ನೂ ಪರೀಕ್ಷಿಸಿಸಿ.

ಇನ್ನು ನಮ್ಮೆಲ್ಲರ ಹೊಣೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆಟಿಸಂ ಅನ್ನು ಗುರುತಿಸಿದೆ. ಗಾಲಿಕುರ್ಚಿಗೆ ಇಳಿಜಾರು ದಾರಿ ಕಟ್ಟುವ ನಾವು ಇವರಿಗಾಗಿ ಒಂದು ನಿಶ್ಶಬ್ದ ಕೋಣೆಯನ್ನೇಕೆ ಕಾದಿರಿಸಬಾರದು? ಜಾತ್ರೆಯ ದಿನ ಮಠದ ಆವರಣದಲ್ಲಿ ಅಂಥದೊಂದು ಕೋಣೆ, ದಾಸೋಹದಲ್ಲಿ ನೂಕುನುಗ್ಗಲಿಗೆ ಮೊದಲೇ ಒಂದು ಪಂಕ್ತಿ, ಪಟಾಕಿಯ ಹೊತ್ತಿನ ಮುನ್ಸೂಚನೆ, ತಗ್ಗಿಸಿದ ಧ್ವನಿವರ್ಧಕ ಇವಿಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ. ಇದನ್ನು ಪೂಜ್ಯರ ಸನ್ನಿಧಿಯಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ತಂದೆತಾಯಂದಿರಿಗೆ ಇನ್ನೊಂದು ಮಾತು. ತೇರು ಎಳೆಯುವಾಗ ಮಗು ಮನೆಯಲ್ಲೇ ಉಳಿದರೆ ಅದರ ಭಕ್ತಿಗೆ ಕುಂದಿಲ್ಲ. ಹಣೆಗೆ ವಿಭೂತಿಯ ಸ್ಪರ್ಶ ಹಿಂಸೆಯಾದರೆ ಒತ್ತಾಯ ಬೇಡ. ಶರಣರು ದೇವರನ್ನು ಕರಸ್ಥಲಕ್ಕೇ ತಂದುಕೊಟ್ಟಿದ್ದಾರೆ. ಜನಸಂದಣಿಯಿಲ್ಲದ ಮೂಲೆಯಲ್ಲಿ, ಮಂದ ದೀಪದ ಬೆಳಕಿನಲ್ಲಿ, ಅಂಗೈಯ ಇಷ್ಟಲಿಂಗವನ್ನು ಮೌನವಾಗಿ ನೋಡುತ್ತ ಕೂರುವುದು ಪೂರ್ಣ ಪೂಜೆಯೇ. ಆ ಮೌನವನ್ನು ಅವರಿಗೆ ದೊರಕಿಸಿಕೊಡುವುದೂ ಒಂದು ದಾಸೋಹ.